ಫ್ರೀಕ್ಯಾಡ್ ಎಫ್‌ಇಎಂ ಬಳಸಿ ನೋಡ್ದೆ: ಉತ್ತರ ತಾಳೆ ಆಯ್ತು, ಆದ್ರೆ ಯಾಕೆ ಆಯ್ತು?

ದೊಡ್ಡ ಸಿಮ್ಯುಲೇಷನ್ ಸಾಫ್ಟ್‌ವೇರ್‌ಗೆ ಲೈಸೆನ್ಸ್ ದುಡ್ಡು ಕಟ್ಟೋ ತಾಕತ್ತು ನಮ್ಮಂಥ ಚಿಕ್ಕಪುಟ್ಟ ಫ್ಯಾಬ್ರಿಕೇಷನ್ ಡ್ರಾಯಿಂಗ್ ಮಾಡೋರಿಗೆ ಎಲ್ಲಿಂದ ಬರ್ಬೇಕು, ಹಂಗಾಗಿ 2024ರ ನವೆಂಬರಲ್ಲಿ ಫ್ರೀಕ್ಯಾಡ್ ಅನ್ನೋ ಉಚಿತ ತ್ರೀಡಿ ಡ್ರಾಯಿಂಗ್ ಸಾಫ್ಟ್‌ವೇರಿನ 1.0 ಬಂದಾಗ ಹಾಕ್ಕೊಂಡು ಅದರ ಎಫ್‌ಇಎಂ ವರ್ಕ್‌ಬೆಂಚ್ (ವಸ್ತುನ ಎಲಿಮೆಂಟ್ ಅನ್ನೋ ಸಣ್ಣ ಸಣ್ಣ ತುಂಡು ಮಾಡಿ, ಲೋಡಿಗೆ ಎಷ್ಟು ಬಾಗತ್ತೆ ಅಂತ ಲೆಕ್ಕ ಹಾಕೋ ಭಾಗ) ಬಳಸೋಕೆ ಶುರು ಮಾಡ್ದೆ. ಒಂದ್ ಪೈಸೆ ಖರ್ಚಿಲ್ಲ. ಒಳಗೆ ಲೆಕ್ಕ ಮಾಡೋದು ಕ್ಯಾಲ್ಕ್ಯುಲಿಕ್ಸ್ ಅನ್ನೋ ಸಾಲ್ವರ್, ಅದನ್ನ ಬರೆದವರು ಜರ್ಮನಿಯಲ್ಲಿ ವಿಮಾನದ ಎಂಜಿನ್ ಮಾಡೋ ಕಂಪನಿಲಿ ಇದ್ದೋರು. ಅಂದ್ರೆ ಸಾಲ್ವರ್ ಮೇಲೆ ನಂಗೆ ಅನುಮಾನ ಇರ್ಲಿಲ್ಲ, ಅನುಮಾನ ಇದ್ದಿದ್ದು ನನ್ನ ಮೇಲೇ.

ಮೊದ್ಲು ಸಣ್ಣದೊಂದು ಪರೀಕ್ಷೆ. 40x10 ಎಂಎಸ್ ಫ್ಲಾಟ್ ಅಂದ್ರೆ ಸಾದಾ ಸ್ಟೀಲ್ ಪಟ್ಟಿ, 500 ಮಿ.ಮೀ. ಹೊರಗೆ ಚಾಚಿದೆ, ತುದಿಗೆ 100 ನ್ಯೂಟನ್, ಅಂದ್ರೆ ಸುಮಾರು ಹತ್ತು ಕೆಜಿ ತೂಗಾಕಿದ ಹಂಗೆ. ತುದಿ ಎಷ್ಟು ಬಾಗತ್ತೆ ಅನ್ನೋಕೆ ಸೂತ್ರ ಪಿ ಎಲ್ ಕ್ಯೂಬ್ ಬೈ 3 ಇ ಐ (ಪಿ ಲೋಡ್, ಎಲ್ ಉದ್ದ, ಇ ಸ್ಟೀಲಿನ ಬಿಗುವು, ಐ ಅಡ್ಡಕೊಯ್ತದ ಆಕಾರದಿಂದ ಬರೋ ಬಿಗುವು), ಕಾಲೇಜಲ್ಲಿ ಉರು ಹೊಡೆದಿದ್ದೇ, ಕ್ಯಾಲ್ಕುಲೇಟರಲ್ಲಿ ಒತ್ತಿದ್ರೆ ನೀಟಾಗಿ 6.25 ಮಿ.ಮೀ. ಸಾಫ್ಟ್‌ವೇರ್ ಕೊಟ್ಟಿದ್ದು 5.9 ಚಿಲ್ಲರೆ. ಐದು ಪರ್ಸೆಂಟ್ ಎಲ್ಲೋಯ್ತು ಅಂತ ಮೆಶ್ಶನ್ನ, ಅಂದ್ರೆ ಎಲಿಮೆಂಟುಗಳ ಬಲೆನ, ಸಣ್ಣ ಮಾಡ್ದೆ, ಇನ್ನೂ ಸಣ್ಣ ಮಾಡ್ದೆ, ಲ್ಯಾಪ್‌ಟಾಪ್ ಫ್ಯಾನು ಮಿಕ್ಸಿ ಥರ ಕೂಗ್ತು, ಉತ್ತರ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಆಮೇಲೆ ನೋಡಿದ್ರೆ ಅದರ ಸ್ಟೀಲ್ ಕಾರ್ಡಲ್ಲಿ (ಸ್ಟೀಲಿನ ಗುಣಗಳ ಫೈಲು) ಇ 2,10,000 ಎಂಪಿಎ ಅಂತಿದೆ, ನಾನು ನಮ್ಮ ಸ್ಟೀಲ್ ಕಟ್ಟಡದ ಕೋಡ್ ಐಎಸ್ 800:2007 ಪ್ರಕಾರ 2,00,000 ಹಿಡಿದಿದ್ದೆ. ಅಷ್ಟೇ ವಿಷ್ಯ. ಅದನ್ನ ತಿದ್ದಿದ ಮೇಲೆ ಎರಡೂ ಹೆಚ್ಚುಕಮ್ಮಿ ಒಂದೇ ಆಯ್ತು.

ಇದರಲ್ಲೇ ಇನ್ನೊಂದು ಆಟ ಆಡಿ ನೋಡಿ. ಮೆಶ್ ಸೆಟ್ಟಿಂಗಲ್ಲಿ ಸೆಕೆಂಡ್ ಆರ್ಡರ್ (ಎಲಿಮೆಂಟಿನ ಅಂಚು ಬಾಗಬಲ್ಲದು) ಅಂತ ತಾನಾಗೇ ಇರತ್ತೆ, ಅದನ್ನ ಫಸ್ಟ್ ಆರ್ಡರ್ (ಅಂಚು ಯಾವಾಗ್ಲೂ ನೆಟ್ಟಗೇ) ಮಾಡಿ ದಪ್ಪಕ್ಕೆ ಒಂದೇ ಎಲಿಮೆಂಟ್ ಬರೋ ಹಂಗೆ ಓಡ್ಸಿ. ಬಾಗೋದು ಅರ್ಧಕ್ಕಿಂತಲೂ ಕಮ್ಮಿ ಆಗೋಗತ್ತೆ! ಆ ಎಲಿಮೆಂಟಿಗೆ ಬಗ್ಗೋಕೇ ಬರಲ್ಲ, ಒಳಗೆಲ್ಲಾ ಒಂದೇ ಸ್ಟ್ರೇನ್ (ಹಿಗ್ಗು-ಕುಗ್ಗಿನ ಪ್ರಮಾಣ), ಮರದ ಕೊರಡಿನ ಹಂಗೆ ಸೆಟೆದು ನಿಲ್ಲತ್ತೆ. ಬಣ್ಣದ ಚಿತ್ರ ಮಾತ್ರ ಅಷ್ಟೇ ಚೆನ್ನಾಗ್ ಬರತ್ತೆ, ಅದೇ ಅಪಾಯ.

ಸರಿ, ಈಗ ನಿಜವಾದ ಕೆಲಸ. ವರ್ಕ್‌ಶಾಪೊಂದಕ್ಕೆ ಅಟ್ಟ, 4 ಮೀಟರ್ ಸ್ಪ್ಯಾನ್, ಐಎಸ್‌ಎಂಬಿ 200 (200 ಮಿ.ಮೀ. ಎತ್ತರದ ಐ ಆಕಾರದ ಸ್ಟೀಲ್ ಬೀಮ್), ಮೀಟರಿಗೆ 10 ಕಿಲೋನ್ಯೂಟನ್ ಲೋಡ್. ಸ್ಟೀಲ್ ಟೇಬಲಲ್ಲಿ ಐ 2235 ಸೆಂ.ಮೀ. ನಾಲ್ಕನೇ ಘಾತ. ಎರಡೂ ತುದಿ ಸುಮ್ನೆ ಕೂತಿರೋ (ಸಿಂಪ್ಲಿ ಸಪೋರ್ಟೆಡ್) ಬೀಮಿನ ಸೂತ್ರ, 5 ಡಬ್ಲ್ಯು ಎಲ್ ನಾಲ್ಕನೇ ಘಾತ ಬೈ 384 ಇ ಐ (ಡಬ್ಲ್ಯು ಅಂದ್ರೆ ಮೀಟರಿಗೆ ಲೋಡ್) ಹಾಕಿದ್ರೆ 7.46 ಮಿ.ಮೀ. ಬಂತು, ಮಿತಿ ಎಲ್ ಬೈ 300 ಅಂದ್ರೆ 13.3, ಆರಾಮ್ ಪಾಸು.

ಬೀಮನ್ನ ಸಾಲಿಡ್ ಆಗಿ ಬರ್ದು, ಮೇಲಿನ ಫ್ಲ್ಯಾಂಜಿಗೆ (ಐ ಆಕಾರದ ಅಡ್ಡ ಪಟ್ಟಿ) 0.1 ಎಂಪಿಎ ಪ್ರೆಶರ್ ಕೊಟ್ಟು, ಕೆಳಗಿನ ಫ್ಲ್ಯಾಂಜಿನ ಎರಡೂ ತುದಿ ಅಂಚಿಗೆ ಫಿಕ್ಸೆಡ್, ಅಂದ್ರೆ ಅಲ್ಲಾಡದ ಹಂಗೆ ಹಿಡಿತ, ಕೊಟ್ಟೆ. ಅಂಚು ತಾನೇ, ತಿರುಗತ್ತೆ, ಅಂದ್ರೆ ಸಿಂಪ್ಲಿ ಸಪೋರ್ಟೆಡ್ಡೇ ಆಯ್ತಲ್ಲ ಅಂದ್ಕೊಂಡೆ. ಬಂದಿದ್ದು 4 ಮಿ.ಮೀ. ಹತ್ತಿರ. ಕೈಲೆಕ್ಕ ಮಾಡಿರದಿದ್ರೆ ಇದೂ ಪಾಸೇ, ಯಾರಿಗೂ ಗೊತ್ತಾಗ್ತಿರಲಿಲ್ಲ. ಸಾಲ್ವರ್ ಬರೆಯೋ ಡ್ಯಾಟ್ ಫೈಲ್ ತೆಗೆದು ರಿಯಾಕ್ಷನ್ (ಹಿಡಿದ ಜಾಗದಲ್ಲಿ ಬರೋ ಎದುರು ಬಲ) ನೋಡಿದ್ರೆ ಮೇಲಿಂದ ಬೀಳೋ ಒಟ್ಟು ಲೋಡೇ 40 ಕಿಲೋನ್ಯೂಟನ್, ಆದ್ರೆ ಬೀಮಿನ ಉದ್ದದ ದಿಕ್ಕಲ್ಲಿ ತಳ್ತಿರೋದು 70 ಚಿಲ್ಲರೆ! ಬಗ್ಗಿದಾಗ ಕೆಳಗಿನ ಫ್ಲ್ಯಾಂಜ್ ಉದ್ದ ಆಗ್ಬೇಕು, ಎರಡೂ ಕಡೆ ಹಿಡ್ಕೊಂಡ್ರೆ ಎಲ್ಲಿಗೋಗತ್ತೆ ಪಾಪ, ಕಮಾನಿನ ಹಂಗೆ ಒತ್ಕೊಂಡು ಗಟ್ಟಿಯಾಗತ್ತೆ. ಒಂದು ತುದಿನ ಉದ್ದಕ್ಕೆ ಜಾರೋಕೆ ಬಿಟ್ಟೆ, ಡಿಸ್‌ಪ್ಲೇಸ್‌ಮೆಂಟ್ ಕಂಡಿಷನಲ್ಲಿ ಆ ದಿಕ್ಕು ಫ್ರೀ ಅಂತ ಟಿಕ್ ಮಾಡಿದ್ರೆ ಆಯ್ತು.

ಈಗ ಬಂತು 7.4. ಆಹಾ, ಒಂದ್ ಪರ್ಸೆಂಟೂ ವ್ಯತ್ಯಾಸ ಇಲ್ಲ, ಕಾಫಿ ಕುಡಿಯೋಕೆ ಎದ್ದೆ.

ಕಾಫಿ ಅರ್ಧ ಆಗೋಷ್ಟರಲ್ಲಿ ನೆನಪಾಯ್ತು, ಇದು ಹೊಸ ಫೈಲು, ಸ್ಟೀಲ್ ಕಾರ್ಡ್ ಮತ್ತೆ ಅದೇ 2,10,000. ಅಂದ್ರೆ ಐದು ಪರ್ಸೆಂಟ್ ಕಮ್ಮಿ ಬರ್ಬೇಕಿತ್ತು, ಬಂದಿಲ್ಲ, ಯಾಕೆ? ಕೂತು ಹುಡುಕಿದ್ರೆ ಇನ್ನೆರಡು ಸಿಕ್ತು. ನಾನು ಬರೆದ ಬೀಮಲ್ಲಿ ಮೂಲೆಯ ರೇಡಿಯಸ್ ಇಲ್ಲ, ಮೂರು ಪಟ್ಟಿ ಅಂಟಿಸಿದ ಹಂಗಿದೆ, ಅದರ ಐ 2235 ಅಲ್ಲ 2205. ಜೊತೆಗೆ ನನ್ನ ಸೂತ್ರ ಯೂಲರ್-ಬರ್ನೌಲಿದು, ಅದಕ್ಕೆ ಶಿಯರಿಂದ (ಪದರ ಪದರ ಸರಿಯೋದ್ರಿಂದ) ಆಗೋ ಬಾಗು ಲೆಕ್ಕಕ್ಕೇ ಇಲ್ಲ. ವೆಬ್ಬು (ಐ ನಡುವಿನ ನಿಂತ ಪಟ್ಟಿ) ಬರೀ 5.7 ಮಿ.ಮೀ. ದಪ್ಪ, ಡಬ್ಲ್ಯು ಎಲ್ ಸ್ಕ್ವೇರ್ ಬೈ 8 ಜಿ ಎ (ಜಿ ಶಿಯರಿಗೆ ಸ್ಟೀಲಿನ ಬಿಗುವು, ಎ ವೆಬ್ಬಿನ ವಿಸ್ತೀರ್ಣ) ಹಾಕಿದ್ರೆ 0.23 ಮಿ.ಮೀ., ಹತ್ತಿರತ್ತಿರ ಮೂರು ಪರ್ಸೆಂಟ್. ಒಂದು ಕಡೆ ಐದು ಕಮ್ಮಿ, ಇನ್ನೊಂದು ಕಡೆ ಒಂದೂವರೆ ಮತ್ತು ಮೂರು ಜಾಸ್ತಿ, ತಕ್ಕಡಿ ಸಮ. ತಾಳೆ ಆಗಿದ್ದು ಉತ್ತರ ಅಲ್ಲ ಸ್ವಾಮಿ, ತಪ್ಪುಗಳು. ಇ ತಿದ್ದಿ ಮತ್ತೆ ಓಡಿಸ್ದೆ, 7.8 ಬಂತು, ಕೈಲೆಕ್ಕನೂ 2205 ಹಾಕಿ ಶಿಯರ್ ಸೇರಿಸಿದ್ರೆ 7.79. ಈ ಸಲ ಯಾಕೆ ಹೊಂದ್ತು ಅಂತ ಹೇಳ್ಬಲ್ಲೆ.

ಫ್ರೀಕ್ಯಾಡ್ ಜೊತೆ ಬರೋ ಕ್ಯಾಂಟಿಲಿವರ್ (ಒಂದೇ ತುದಿ ಹಿಡಿದ ಬೀಮ್) ಉದಾಹರಣೆಲೂ ಇದೇ ಕಥೆ ಇದೆ. 8 ಮೀಟರ್ ಉದ್ದ, 1 ಮೀಟರ್ ಚೌಕ, ತುದಿಗೆ 9 ಮೆಗಾನ್ಯೂಟನ್. ಸೂತ್ರಕ್ಕೆ 87.8 ಬರತ್ತೆ, ಶಿಯರ್ ಇನ್ನೊಂದು ಮಿ.ಮೀ. ಸೇರಿಸತ್ತೆ. ಹೊಸಬರು ಮೊದ್ಲು ಅದನ್ನೇ ಬಿಚ್ಚಿ ನೋಡಿ.

ಬೈಯೋದಕ್ಕೂ ಇದೆ. ಕ್ಯಾಲ್ಕ್ಯುಲಿಕ್ಸ್ ಬೀಮ್ ಎಲಿಮೆಂಟಲ್ಲಿ (ಬೀಮನ್ನ ಬರೀ ಗೆರೆ ಎಳೆದು ಕೊಡೋ ಎಲಿಮೆಂಟ್) ಆಯತ, ವೃತ್ತ, ಪೈಪ್, ಬಾಕ್ಸ್ ಇದೆ, ಐ ಸೆಕ್ಷನ್ನೇ ಇಲ್ಲ, ನಮ್ಮೂರಲ್ಲಿ ಅಟ್ಟ ಕಟ್ಟೋರು ಬಳಸೋದೇ ಅದು ಮಾರಾಯ್ರೆ. ಅದಕ್ಕೇ ಒಂದು ಸಾದಾ ಬೀಮಿಗೂ ಸಾಲಿಡ್ ಬರ್ದು ಸಾವಿರಾರು ಎಲಿಮೆಂಟ್ ಎಳೆಯೋ ಕರ್ಮ. ಪೂರ್ತಿ ಕಟ್ಟಡದ ಫ್ರೇಮ್ ಮಾಡೋರಿಗೆ ಇದು ಬೇಡ. ಬ್ರಾಕೆಟ್ಟು, ಪ್ಲೇಟು, ಲಿಫ್ಟಿಂಗ್ ಲಗ್ಗು ಇಂಥವಕ್ಕೆ ಕಣ್ಮುಚ್ಚಿ ಹಾಕ್ಕೊಳ್ಳಿ, ಐದಕ್ಕೆ ನಾಲ್ಕು ಕೊಡ್ತೀನಿ. ಸ್ಟೀಲ್ ಕಾರ್ಡನ್ನ ಮಾತ್ರ 2,00,000 ಮಾಡಿ ಬೇರೆ ಹೆಸರಲ್ಲಿ ಸೇವ್ ಮಾಡ್ಕೊಳ್ಳಿ, ನಾನು ಈಗಷ್ಟೇ ಮಾಡ್ಕೊಂಡೆ.