ಬೀದಿಯಲ್ಲಿ ಹುಲಿ, ಮನೆಯಲ್ಲಿ ಇಲಿ: ನಮ್ಮೂರಿನ ಮೂರು ತಂಡಗಳು

ಬೆಂಗಳೂರಿನ ಅಭಿಮಾನಿಗೆ ಹೊಟ್ಟೆ ಉರಿಸಿಕೊಳ್ಳಲು ಮೂರು ದಾರಿಗಳಿವೆ: ಕ್ರಿಕೆಟ್‌ನ ಆರ್‌ಸಿಬಿ, ಫುಟ್‌ಬಾಲ್‌ನ ಬೆಂಗಳೂರು ಎಫ್‌ಸಿ, ಕಬಡ್ಡಿಯ ಬೆಂಗಳೂರು ಬುಲ್ಸ್. ಮೂರಕ್ಕೂ ದುಡ್ಡು ಸುರಿದಿದ್ದೇನೆ, ಮೂರಕ್ಕೂ ಗಂಟಲು ಹರಿದುಕೊಂಡಿದ್ದೇನೆ, ಮೂರನ್ನೂ ನೆಂಟರ ಮುಂದೆ ಸಮರ್ಥಿಸಿಕೊಳ್ಳಲು ಹೋಗಿ ಮುಖಭಂಗ ಅನುಭವಿಸಿದ್ದೇನೆ. ಈ ಊರಿಗೆ ಹೊಸದಾಗಿ ಬಂದು ಯಾವ ತಂಡದ ಬೆನ್ನು ಹತ್ತಲಿ ಎಂದು ಕೇಳುವವರಿಗೆ ಉತ್ತರ ಹೇಳಲು ಇಷ್ಟು ಅರ್ಹತೆ ಸಾಕು.

ಮೂರಕ್ಕೂ ಅಂಟಿದ ರೋಗ ಮಾತ್ರ ಒಂದೇ. ಇವರು ಗೆಲ್ಲುವುದು ಪರಊರಿನಲ್ಲಿ. ಬುಲ್ಸ್ ಪ್ರೊ ಕಬಡ್ಡಿ ಗೆದ್ದದ್ದು 2019ರ ಜನವರಿ 5ರಂದು ಮುಂಬೈನಲ್ಲಿ. ಫುಟ್‌ಬಾಲ್ ತಂಡ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಗೆದ್ದದ್ದು ಅದೇ ವರ್ಷ ಮಾರ್ಚ್ 17ರಂದು, ಅದೂ ಮುಂಬೈನಲ್ಲಿ. ಆರ್‌ಸಿಬಿ ಮಹಿಳೆಯರು 2024ರಲ್ಲಿ ದೆಹಲಿಯಲ್ಲಿ ಗೆದ್ದರು, ಪುರುಷರು 2025ರಲ್ಲಿ ಅಹಮದಾಬಾದ್‌ನಲ್ಲಿ. ಫೈನಲ್ ನಮ್ಮ ಮನೆ ಬಾಗಿಲಿಗೇ ಬಂದ ಎರಡು ಸಲ, ಅಂದರೆ 2016ರಲ್ಲಿ ಆರ್‌ಸಿಬಿಯ ಚಿನ್ನಸ್ವಾಮಿ ಕ್ರೀಡಾಂಗಣಕ್ಕೆ ಮತ್ತು 2018ರಲ್ಲಿ ಫುಟ್‌ಬಾಲ್ ತಂಡದ ಕಂಠೀರವಕ್ಕೆ, ಎರಡನ್ನೂ ಕೈಚೆಲ್ಲಿದೆವು. ಹಾಗಾಗಿ ನನ್ನ ಹೋಲಿಕೆಯ ಅಳತೆಗೋಲು ಕಪ್‌ಗಳ ಎಣಿಕೆಯಲ್ಲ. ಊರಿನಲ್ಲೇ ಕೂತು ನೋಡುವವನಿಗೆ ಯಾವ ತಂಡ ಏನು ಕೊಡುತ್ತದೆ ಎಂಬುದಷ್ಟೇ.

ಆರ್‌ಸಿಬಿಯಿಂದ ಶುರು ಮಾಡೋಣ, ಏಕೆಂದರೆ ಅದರ ಮೇಲೆ ಕೋಪ ಹೆಚ್ಚು. ಈ ತಂಡ ತನ್ನ ಬಣ್ಣವನ್ನು ಮೊದಲ ರಾತ್ರಿಯೇ ತೋರಿಸಿತ್ತು. 2008ರ ಏಪ್ರಿಲ್ 18ರಂದು ಚಿನ್ನಸ್ವಾಮಿಯಲ್ಲಿ ಕೋಲ್ಕತ್ತದ ಮೆಕಲಮ್ ಒಬ್ಬನೇ ಅಜೇಯ 158 ಹೊಡೆದ, ನಮ್ಮವರೆಲ್ಲ ಸೇರಿ 82ಕ್ಕೆ ಗಂಟುಮೂಟೆ ಕಟ್ಟಿದರು. ಅದನ್ನು ಕ್ಷಮಿಸಬಹುದು, ಎಲ್ಲರಿಗೂ ಹೊಸದು. 2016ರ ಫೈನಲ್ ಅನ್ನು ಕ್ಷಮಿಸುವುದು ಹೇಗೆ? 209 ರನ್‌ಗಳ ಬೆನ್ನಟ್ಟಿ ಗೇಲ್ ಮತ್ತು ಕೊಹ್ಲಿ ಹನ್ನೊಂದನೇ ಓವರ್‌ನೊಳಗೆ ವಿಕೆಟ್ ಕಳೆದುಕೊಳ್ಳದೆ 114 ಸೇರಿಸಿದ್ದರು. ಉಳಿದದ್ದು ಒಂಬತ್ತೂವರೆ ಓವರ್, 95 ರನ್, ಹತ್ತು ವಿಕೆಟ್. ಎಂಟು ರನ್‌ಗಳಿಂದ ಸೋತೆವು. ಎಲ್ಲರೂ ಬ್ಯಾಟ್ಸ್‌ಮನ್‌ಗಳನ್ನು ಬೈಯುತ್ತಾರೆ. ನನ್ನ ಪ್ರಕಾರ ಪಂದ್ಯ ಹೋದದ್ದು ಅದಕ್ಕೂ ಮುಂಚೆ, ವಾಟ್ಸನ್ ಎಸೆದ ಇಪ್ಪತ್ತನೇ ಓವರ್‌ನಲ್ಲಿ ಹೈದರಾಬಾದ್ 24 ರನ್ ಬಾಚಿಕೊಂಡಾಗ.

2025ರಲ್ಲಿ ಕೊನೆಗೂ ಗೆದ್ದರಲ್ಲ ಎನ್ನುತ್ತೀರಿ. ಆ ಋತುವಿನ ಲೆಕ್ಕವನ್ನು ಬಿಡಿಸಿ ನೋಡಿ. ಲೀಗ್ ಹಂತದಲ್ಲಿ ಹೊರಗೆ ಆಡಿದ ಏಳಕ್ಕೆ ಏಳೂ ಗೆಲುವು, ಐಪಿಎಲ್‌ನಲ್ಲಿ ಹಿಂದೆ ಯಾವ ತಂಡವೂ ಮಾಡಿರಲಿಲ್ಲ. ಚಿನ್ನಸ್ವಾಮಿಯಲ್ಲಿ? ಮೊದಲ ಮೂರೂ ಸೋಲು. ಅದರಲ್ಲೊಂದು ಸೋಲು ಡೆಲ್ಲಿ ಪರವಾಗಿ ಆಡಿದ ನಮ್ಮ ಕೆ. ಎಲ್. ರಾಹುಲ್ ಕೈಯಲ್ಲಿ. ಅಜೇಯ 93 ಹೊಡೆದು, ಗೆಲುವಿನ ಸಿಕ್ಸರ್ ಎತ್ತಿ, ಬ್ಯಾಟಿನ ತುದಿಯಿಂದ ನೆಲದ ಮೇಲೆ ವೃತ್ತ ಎಳೆದು, ಅದರ ನಡುವೆ ಬ್ಯಾಟನ್ನು ಊರಿ ನಿಂತ. ಇದು ನನ್ನ ಅಂಗಳ ಎಂದು ಬಾಯಿ ಬಿಟ್ಟು ಹೇಳಬೇಕಾಗಿರಲಿಲ್ಲ. ಕೆಂಪು ಜರ್ಸಿ ತೊಟ್ಟವರಿಗೆ ಚಪ್ಪಾಳೆ ತಟ್ಟಬೇಕೋ ಶಾಪ ಹಾಕಬೇಕೋ ತಿಳಿಯದ ಗಳಿಗೆ ಅದು. ಒಂದು ಕಾಲಕ್ಕೆ ರಾಹುಲ್ ಇದೇ ತಂಡದಲ್ಲಿದ್ದ. ಕರ್ನಾಟಕದ ಹುಡುಗರನ್ನು ಬಿಟ್ಟುಕೊಟ್ಟು, ಅವರು ಬೇರೆಡೆ ಮಿಂಚುವುದನ್ನು ನೋಡುವ ಕಲೆಯಲ್ಲಿ ಆರ್‌ಸಿಬಿಯನ್ನು ಮೀರಿಸುವವರಿಲ್ಲ. ಫೈನಲ್‌ನ ಹನ್ನೊಂದರಲ್ಲಿ ನಮ್ಮ ಮಯಂಕ್ ಅಗರ್ವಾಲ್ ಇದ್ದನಲ್ಲ ಎಂದರೆ, ಅವನು ಬಂದದ್ದೇ ಗಾಯಗೊಂಡ ದೇವದತ್ತ ಪಡಿಕ್ಕಲ್ ಜಾಗಕ್ಕೆ.

ಗೆದ್ದ ಮರುದಿನ, ಜೂನ್ 4ರಂದು, ಕ್ರೀಡಾಂಗಣದ ಹೊರಗಿನ ಕಾಲ್ತುಳಿತದಲ್ಲಿ 11 ಮಂದಿ ಸತ್ತರು. ಹದಿನೆಂಟು ವರ್ಷ ಕಾದ ಕಪ್‌ನ ಬಗ್ಗೆ ಅಂದಿನಿಂದ ಖುಷಿಯಾಗಿ ಮಾತನಾಡಲು ನನಗೆ ಬಾಯಿ ಬರುವುದಿಲ್ಲ.

ಮಹಿಳಾ ತಂಡವನ್ನು ಇದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ. ಎರಡನೇ ಪ್ರಯತ್ನಕ್ಕೇ ಕಪ್ ತಂದವರು ಅವರು. ಆ ಫೈನಲ್‌ನಲ್ಲಿ ಕಲಬುರಗಿ ಮೂಲದ ಶ್ರೇಯಾಂಕಾ ಪಾಟೀಲ್ 12 ರನ್‌ಗೆ 4 ವಿಕೆಟ್ ಕಿತ್ತಳು. ಆದರೆ ರೋಗ ಅವರನ್ನೂ ಬಿಡಲಿಲ್ಲ: ಮರುವರ್ಷ ಚಿನ್ನಸ್ವಾಮಿಯಲ್ಲಿ ಆಡಿದ ನಾಲ್ಕೂ ಪಂದ್ಯ ಸೋತರು, ಒಂದಂತೂ ಸೂಪರ್ ಓವರ್‌ನಲ್ಲಿ.

ಇನ್ನು ಕ್ರೀಡಾಂಗಣದ ಅನುಭವ. ಚಿನ್ನಸ್ವಾಮಿಯಲ್ಲಿ ಗದ್ದಲಕ್ಕೆ ಕೊರತೆಯಿಲ್ಲ, ಕೊಹ್ಲಿ ಮೆಟ್ಟಿಲಿಳಿದು ಬರುವಾಗ ಎದೆಯೊಳಗೆ ಏನೋ ಅದುರುವುದೂ ನಿಜ. ಆದರೆ ಉಳಿದ ಹೊತ್ತು ಡಿಜೆ ಕೂಗು ಎಂದಾಗ ಕೂಗಬೇಕು, ಕುಣಿ ಎಂದಾಗ ಕುಣಿಯಬೇಕು. ಸಾವಿರಾರು ರೂಪಾಯಿಯ ಟಿಕೆಟ್ ಕೂಡ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಖಾಲಿ. ತಂಡ ಗೆದ್ದರೂ ಸೋತರೂ ಜನ ಮುಗಿಬೀಳುತ್ತಾರೆ. ಗಿರಾಕಿ ತಪ್ಪುವ ಭಯವೇ ಇಲ್ಲದ ಅಂಗಡಿಯವನು ತೂಕದಲ್ಲಿ ಏಕೆ ಎಚ್ಚರ ವಹಿಸುತ್ತಾನೆ?

ಅಲ್ಲಿಂದ ನಡೆದುಕೊಂಡೇ ಹೋಗಬಹುದಾದ ಕಂಠೀರವದ ಕಥೆಯೇ ಬೇರೆ. ನಿಜ ಹೇಳಬೇಕೆಂದರೆ ಫುಟ್‌ಬಾಲ್ ನೋಡಲು ಅದು ಒಳ್ಳೆಯ ಜಾಗವಲ್ಲ. ಮೈದಾನದ ಸುತ್ತ ಅಥ್ಲೆಟಿಕ್ಸ್ ಟ್ರ್ಯಾಕ್ ಇರುವುದರಿಂದ ಆಟಗಾರರು ದೂರ, ಆಚೆ ತುದಿಯ ಗೋಲಿನ ಮುಂದೆ ಯಾರು ಯಾರಿಗೆ ಡಿಕ್ಕಿ ಹೊಡೆದರು ಎಂಬುದು ಊಹೆಗೆ ಬಿಟ್ಟದ್ದು. ಆದರೂ ಪಶ್ಚಿಮದ ಸ್ಟ್ಯಾಂಡಿನಲ್ಲಿ ನಿಲ್ಲುವ ವೆಸ್ಟ್ ಬ್ಲಾಕ್ ಬ್ಲೂಸ್ ಬಳಗಕ್ಕೆ ಡಿಜೆ ಬೇಕಿಲ್ಲ. ಡೋಲು ಅವರದೇ, ಹಾಡೂ ಅವರದೇ. ಎರಡು ಗೋಲು ಹಿಂದಿದ್ದಾಗಲೂ ಡೋಲು ನಿಲ್ಲುವುದಿಲ್ಲ, ನಿಂತಿದ್ದರೆ ನಾನೇ ಎದ್ದು ಮನೆಗೆ ಹೋಗುತ್ತಿದ್ದ ರಾತ್ರಿಗಳಿವೆ. ಪಂದ್ಯ ಮುಗಿದ ಮೇಲೆ ಆಟಗಾರರು ಆ ಸ್ಟ್ಯಾಂಡಿನ ಮುಂದೆ ಬಂದು ಸಾಲಾಗಿ ನಿಲ್ಲುತ್ತಾರೆ. ಡೋಲಿನ ಒಂದು ಪೆಟ್ಟಿಗೆ ಒಂದು ಚಪ್ಪಾಳೆ, ಮೊದಲು ನಿಧಾನ, ಆಮೇಲೆ ಬಿರುಸು. ಅಷ್ಟಕ್ಕೇ ಟಿಕೆಟ್‌ನ ದುಡ್ಡು ವಸೂಲು.

ಸಾಧನೆಯ ಪಟ್ಟಿಯೂ ಚಿಕ್ಕದಲ್ಲ. 2013ರಲ್ಲಿ ಹುಟ್ಟಿದ ಕ್ಲಬ್ ಮೊದಲ ಋತುವಿನಲ್ಲೇ, ಆಗ ದೇಶದ ಅತ್ಯುನ್ನತ ಲೀಗ್ ಆಗಿದ್ದ ಐ-ಲೀಗ್ ಗೆದ್ದಿತು. 2016ರ ಏಪ್ರಿಲ್‌ನಲ್ಲಿ ಸಾಲ್ಗಾಂವ್ಕರ್ ತಂಡವನ್ನು ಮಣಿಸಿ ಎರಡನೇ ಐ-ಲೀಗ್ ಖಚಿತಪಡಿಸಿಕೊಂಡದ್ದು ಕಂಠೀರವದಲ್ಲೇ. ನನ್ನ ರೋಗದ ಸಿದ್ಧಾಂತಕ್ಕೆ ಇದೊಂದು ಅಪವಾದ. ಅದೇ ಅಕ್ಟೋಬರ್‌ನಲ್ಲಿ ಇದೇ ಹುಲ್ಲಿನ ಮೇಲೆ ಮಲೇಷ್ಯಾದ ಜೊಹೊರ್ ತಂಡವನ್ನು 3-1ರಿಂದ ಸೋಲಿಸಿ, ಏಷ್ಯಾದ ಕ್ಲಬ್‌ಗಳ ಟೂರ್ನಿಯಾದ ಎಎಫ್‌ಸಿ ಕಪ್‌ನ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಆಯಿತು. ಸುನಿಲ್ ಚೆಟ್ರಿ ಆ ರಾತ್ರಿ ದೂರದಿಂದ ಬಾರಿಸಿದ ಗೋಲನ್ನು ಮರೆತ ದಿನ ನಾನು ಫುಟ್‌ಬಾಲ್ ನೋಡುವುದನ್ನು ಬಿಟ್ಟಿರುತ್ತೇನೆ.

ಹಾಗಾದರೆ ಹತಾಶೆ ಏಕೆ? 2018ರ ಮನೆಯಂಗಳದ ಫೈನಲ್‌ನಲ್ಲಿ ಚೆಟ್ರಿ ಒಂಬತ್ತನೇ ನಿಮಿಷಕ್ಕೇ ಗೋಲು ಹೊಡೆದರೂ, ಚೆನ್ನೈಯಿನ್‌ನ ಮೈಲ್ಸನ್ ಎರಡು ಕಾರ್ನರ್‌ಗಳಿಗೆ ಎರಡು ಸಲ ತಲೆ ಕೊಟ್ಟು ಪಂದ್ಯವನ್ನೇ ತಿರುಗಿಸಿದ. ಒಮ್ಮೆ ಆದದ್ದನ್ನು ಎರಡನೇ ಸಲವೂ ತಡೆಯದ ರಕ್ಷಣೆಗೆ ಏನನ್ನೋಣ? 2023ರ ಫೈನಲ್ ಪೆನಾಲ್ಟಿಯಲ್ಲಿ ಹೋಯಿತು, 2025ರದ್ದು ಹೆಚ್ಚುವರಿ ಸಮಯದಲ್ಲಿ, ಎರಡೂ ಸಲ ಎದುರಿಗಿದ್ದದ್ದು ಕೋಲ್ಕತ್ತದ ಮೋಹನ್ ಬಾಗಾನ್. ಇದೆಲ್ಲಕ್ಕಿಂತ ದೊಡ್ಡ ಚಿಂತೆ ಕ್ಲಬ್‌ನ ಕೈಯಲ್ಲಿಲ್ಲ. 2025ರಲ್ಲಿ ಲೀಗ್ ನಡೆಸುವ ಹಕ್ಕುಗಳ ಒಪ್ಪಂದ ನವೀಕರಣವಾಗದೆ ಐಎಸ್‌ಎಲ್ ಎಂದಿನಂತೆ ಸೆಪ್ಟೆಂಬರ್‌ನಲ್ಲಿ ಶುರುವಾಗಲೇ ಇಲ್ಲ. ಸೋಲಿಗೆ ಬೈಯಬಹುದು, ಪಂದ್ಯವೇ ಇಲ್ಲದಿದ್ದರೆ ಯಾರನ್ನು ಬೈಯುವುದು?

ಅಲ್ಲಿಗೆ ಬುಲ್ಸ್ ನೆನಪಾಗಬೇಕು, ಏಕೆಂದರೆ ಊರಿನಲ್ಲಿ ಇಲ್ಲದೆಯೂ ಊರಿನ ತಂಡವಾಗಿ ಇರುವುದರಲ್ಲಿ ಅವರದು ಹಳೆಯ ಅನುಭವ. 2017ರಲ್ಲಿ ಇವರ 'ತವರಿನ' ಪಂದ್ಯಗಳು ನಡೆದದ್ದು ನಾಗಪುರದಲ್ಲಿ, 2018ರಲ್ಲಿ ಪುಣೆಯಲ್ಲಿ. ಕಪ್ ಗೆದ್ದದ್ದು ಆ ಪುಣೆಯ ಋತುವಿನಲ್ಲೇ! ಫೈನಲ್‌ನಲ್ಲಿ ಪವನ್ ಸೆಹ್ರಾವತ್ ಒಬ್ಬನೇ 22 ಅಂಕ ತಂದ. ಕೊರೊನಾ ಕಾಲದ ಎಂಟನೇ ಆವೃತ್ತಿ ಇಡಿಯಾಗಿ ಬೆಂಗಳೂರಿನಲ್ಲೇ ನಡೆಯಿತು, ಪ್ರೇಕ್ಷಕರಿಗೆ ಮಾತ್ರ ಪ್ರವೇಶವಿರಲಿಲ್ಲ. ಅದಾದ ಮೇಲೆ ಪವನ್‌ನನ್ನೂ ಬಿಟ್ಟುಕೊಟ್ಟರು. 2024ರಲ್ಲಿ ತಂಡ ಎರಡೇ ಪಂದ್ಯ ಗೆದ್ದು ಪಟ್ಟಿಯ ತಳ ಸೇರಿದಾಗ ನಮ್ಮೂರಿಗೆ ಒಂದು ಪಂದ್ಯವೂ ಬಂದಿರಲಿಲ್ಲ, ಮರುವರ್ಷವೂ ಬರಲಿಲ್ಲ.

ಇದನ್ನು ಇಷ್ಟು ಬೇಸರದಿಂದ ಬರೆಯುತ್ತಿರುವುದಕ್ಕೆ ಕಾರಣವಿದೆ. ಮೂರರಲ್ಲಿ ನೋಡಲು ಅತ್ಯುತ್ತಮವಾದ ಆಟ ಕಬಡ್ಡಿಯೇ. ಒಳಾಂಗಣದಲ್ಲಿ ಮ್ಯಾಟ್ ಕಣ್ಣೆದುರಿಗೇ ಇರುತ್ತದೆ. ರಕ್ಷಣೆಗೆ ಮೂವರೇ ಉಳಿದಾಗ ಮೂಲೆಯವನು ರೈಡರ್‌ನ ಕಣಕಾಲಿಗೆ ಕೈ ಹಾಕಿ, ಉಳಿದಿಬ್ಬರು ಮೇಲೆ ಬಿದ್ದು, ನಾಲ್ಕು ದೇಹ ಒಟ್ಟಿಗೆ ಧೊಪ್ಪನೆ ನೆಲಕ್ಕುರುಳುವ ಸದ್ದು ಟಿವಿಯಲ್ಲಿ ಆ ತೂಕದಲ್ಲಿ ಕೇಳುವುದಿಲ್ಲ. ನಲವತ್ತು ನಿಮಿಷದಲ್ಲಿ ಆಟ ಮುಗಿಯುತ್ತದೆ, ಸೋತರೂ ಕೊನೆಯ ಮೆಟ್ರೊ ತಪ್ಪುವುದಿಲ್ಲ.

ನನ್ನ ತೀರ್ಪು ಇಷ್ಟು: ಆರ್‌ಸಿಬಿಯನ್ನು ಟಿವಿಯಲ್ಲಿ ನೋಡಿ, ಹೊರ ಊರಿನ ಪಂದ್ಯಗಳನ್ನು ತಪ್ಪಿಸಬೇಡಿ. ಟಿಕೆಟ್‌ಗೆಂದು ಎತ್ತಿಟ್ಟ ದುಡ್ಡು ಫುಟ್‌ಬಾಲ್‌ಗೆ ಹೋಗಲಿ, ಪಶ್ಚಿಮದ ಸ್ಟ್ಯಾಂಡಿಗೇ ಹೋಗಲಿ. ಬುಲ್ಸ್ ಮನಸ್ಸಿಗೆ ಹಿಡಿಸಿದರೆ, ವೇಳಾಪಟ್ಟಿ ಬಂದ ದಿನ ಎದುರಾಳಿ ಯಾರು ಎಂದು ನೋಡುವ ಮೊದಲು ಊರು ಯಾವುದು ಎಂದು ನೋಡಿ.