ಹನ್ನೊಂದು ವರ್ಷ, ಒಂದು ಲಕ್ಷ ಕಿಲೋಮೀಟರ್: ಚಪ್ಪರದ ಕೆಳಗೆ ಬಿಚ್ಚಿ ಕಟ್ಟಿದ ಲ್ಯಾಂಡ್ ಕ್ರೂಸರ್ 80

ಟೊಯೊಟಾದ ಹಳೆಯ ಜೀಪು ಲ್ಯಾಂಡ್ ಕ್ರೂಸರ್ 80 ಕೊಳ್ಳಲು ಹೊರಟವರು ಬಾನೆಟ್ ಎತ್ತುವುದಕ್ಕೂ ಮೊದಲು ನೆಲಕ್ಕೆ ಮಂಡಿಯೂರಿ ಮುಂದಿನ ಚಕ್ರದ ಹಿಂಬದಿಯನ್ನು ನೋಡಬೇಕು. ಅಲ್ಲಿ ದೊಡ್ಡ ತೆಂಗಿನಕಾಯಿಯಂಥ ಕಬ್ಬಿಣದ ಗುಂಡೊಂದು ಕಾಣುತ್ತದೆ. ಅದರ ಮೇಲೆ ತೆಳುವಾದ ಗ್ರೀಸ್ ಪದರವಿದ್ದರೆ ಒಳ್ಳೆಯದು. ಕಪ್ಪು ಎಣ್ಣೆ ಇಳಿದು ಟಯರಿನ ಒಳಮೈಗೆ ಸಿಡಿದಿದ್ದರೆ ಒಳಗೆ ಎಣ್ಣೆ ತಡೆಯುವ ಆಕ್ಸಲ್ ಸೀಲ್ ಸೋತಿದೆ ಎಂದೇ ತಿಳಿಯಬೇಕು. 2014ರ ಅಕ್ಟೋಬರ್‌ನಲ್ಲಿ ನಾನು ಅಲ್ಲಿ ನೋಡಲಿಲ್ಲ. ಬಿಳಿ ಬಣ್ಣ, ಮೆತ್ತನೆಯ ವೆಲ್ವೆಟ್ ಸೀಟುಗಳು, ಗುಂಡಿ ಒತ್ತಿದರೆ ತೆರೆಯುವ ಸನ್‌ರೂಫ್ ಇವನ್ನೆಲ್ಲ ನೋಡಿ ಮನಸೋತು, 1996ರ ಮಾದರಿಯ, ವಿಎಕ್ಸ್‌ಆರ್ ಎಂಬ ಆವೃತ್ತಿಯ ಗಾಡಿಯನ್ನು 2,900 ಒಮಾನಿ ರಿಯಾಲ್ ಕೊಟ್ಟು ಒಮಾನ್‌ನ ಮಸ್ಕತ್‌ನಲ್ಲಿರುವ ಮನೆಗೆ ತಂದೆ. ಆಗ ಮೀಟರ್ 2,87,000 ಕಿಲೋಮೀಟರ್ ತೋರಿಸುತ್ತಿತ್ತು. ಈಗ 3,94,000 ತೋರಿಸುತ್ತಿದೆ. ಈ ನಡುವಿನ ದೂರವನ್ನು ಓಡಿಸಿದವನೂ ಹೆಚ್ಚಿನ ರಿಪೇರಿ ಮಾಡಿದವನೂ ನಾನೇ ಆದ್ದರಿಂದ ಈ ವಿಮರ್ಶೆ ಬರೆಯುವ ಧೈರ್ಯ ಮಾಡುತ್ತಿದ್ದೇನೆ.

ನಾನು ಮೆಕ್ಯಾನಿಕ್ ಅಲ್ಲ, ಲೆಕ್ಕಪತ್ರದ ಕೆಲಸದವನು. ಊರು ಕುಂದಾಪುರದ ಹತ್ತಿರದ ಗಂಗೊಳ್ಳಿ. ಅಪ್ಪಯ್ಯ ದೋಣಿಗಳ ಎಂಜಿನ್ ಬಿಚ್ಚುತ್ತಿದ್ದಾಗ ಪಕ್ಕದಲ್ಲಿ ಕುಳಿತು ನಟ್ಟುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಸಾಲಾಗಿ ಜೋಡಿಸಿಡುವುದು ಬಾಲ್ಯದಲ್ಲಿ ನನ್ನ ಪಾಲಿನ ಕೆಲಸವಾಗಿತ್ತು. ಬಿಚ್ಚಿದ ಕ್ರಮದಲ್ಲೇ ಇಡಬೇಕು, ಯಾವುದನ್ನೂ ಜೇಬಿಗೆ ಹಾಕಬಾರದು ಎಂದು ಅವರು ಹೇಳುತ್ತಿದ್ದರು. ನನ್ನ ತರಬೇತಿ ಇಷ್ಟೇ. ಉಳಿದದ್ದನ್ನು ಕಾರ್ಖಾನೆಯ ವರ್ಕ್‌ಶಾಪ್ ಕೈಪಿಡಿಯಿಂದಲೂ ಮಸ್ಕತ್‌ನ ವಾದಿ ಕಬೀರ್ ಬಡಾವಣೆಯ ಗ್ಯಾರೇಜೊಂದರಲ್ಲಿ ಮೂವತ್ತು ವರ್ಷ ದುಡಿದ ಪೇಶಾವರದ ಉಸ್ತಾದರಿಂದಲೂ ಕಲಿತೆ.

ಗಾಡಿಯ ಬಗ್ಗೆ ಒಂದೆರಡು ಮಾತು. 80ರ ಸರಣಿ ಮಾರುಕಟ್ಟೆಗೆ ಬಂದದ್ದು 1990ರಲ್ಲಿ. ಅದಕ್ಕೆ ಮೊದಲಿನ 60ರ ಸರಣಿಯಲ್ಲಿ ಲೀಫ್ ಸ್ಪ್ರಿಂಗ್ ಇತ್ತು. ಇದಕ್ಕೆ ನಾಲ್ಕೂ ಕಡೆ ಕಾಯಿಲ್ ಸ್ಪ್ರಿಂಗ್ ಕೊಟ್ಟರು, ಆದರೆ ಮುಂದೆ ಹಿಂದೆ ಎರಡೂ ಕಡೆ ಒಂದೇ ತುಂಡಿನ ಗಟ್ಟಿ ಆಕ್ಸಲ್ ಉಳಿಸಿಕೊಂಡರು. ಒಳಗೆ ಕುಳಿತವರಿಗೆ ದೊಡ್ಡ ಕಾರಿನ ಸುಖ, ಕೆಳಗೆ ಲಾರಿಯ ಅಸ್ಥಿಪಂಜರ. ಕೊಲ್ಲಿ ದೇಶಗಳಲ್ಲಿ ಹೆಚ್ಚಾಗಿ ಕಾಣುವುದು 1ಎಫ್‌ಝೆಡ್-ಎಫ್‌ಇ ಪೆಟ್ರೋಲ್ ಎಂಜಿನ್: ಸಾಲಿನಲ್ಲಿ ಆರು ಸಿಲಿಂಡರ್, 4,477 ಸಿಸಿ, 24 ವಾಲ್ವ್, ಟೈಮಿಂಗ್‌ಗೆ ಬೆಲ್ಟ್ ಬದಲು ಚೈನು. ಸಿಲಿಂಡರ್‌ಗಳಿರುವ ಬ್ಲಾಕ್ ಎರಕದ ಕಬ್ಬಿಣದ್ದು, ಅದರ ಮೇಲೆ ಮುಚ್ಚಳದಂತೆ ಕೂರುವ ಹೆಡ್ ಅಲ್ಯೂಮಿನಿಯಂನದು. ನನ್ನ ಎಂಜಿನ್‌ನ ಹೆಡ್ ಇದುವರೆಗೆ ಬಿಚ್ಚಿಲ್ಲ.

ಆ ಕಬ್ಬಿಣದ ಗುಂಡಿನ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಈ ಗಾಡಿಯ ಜೊತೆ ನನ್ನ ನಿಜವಾದ ಸಂಬಂಧ ಶುರುವಾದದ್ದು ಅಲ್ಲಿಂದ. ಮುಂದಿನ ಚಕ್ರ ತಿರುಗಲೂ ಬೇಕು, ಎಂಜಿನ್‌ನ ಬಲ ಪಡೆದು ಉರುಳಲೂ ಬೇಕು. ಅದಕ್ಕಾಗಿ ಗುಂಡಿನೊಳಗೆ ಸಿವಿ ಜಾಯಿಂಟ್ ಎಂಬ, ಬಾಗಿದರೂ ಬಲ ದಾಟಿಸುವ ಕೀಲೊಂದು ಗ್ರೀಸಿನಲ್ಲಿ ಮುಳುಗಿರುತ್ತದೆ. ಗುಂಡಿನ ಮೇಲೆ ಟೊಪ್ಪಿಗೆಯಂತೆ ಕುಳಿತ, ಚಕ್ರವನ್ನು ಹೊತ್ತ ನಕ್ಕಲ್ ಎಂಬ ಭಾಗ ಮೇಲೊಂದು ಕೆಳಗೊಂದು ಬೇರಿಂಗ್ ಮೇಲೆ ಹೊರಳುತ್ತದೆ. ಎರಡೂ ಚಕ್ರಗಳಿಗೆ ಬಲ ಹಂಚುವ ಡಿಫರೆನ್ಷಿಯಲ್‌ನ ಗೇರ್ ಆಯಿಲ್ ಇತ್ತ ಬಾರದಂತೆ ತಡೆಯುವುದು ಒಂದು ಪುಟ್ಟ ರಬ್ಬರ್ ಸೀಲ್. ರಬ್ಬರಿಗೆ ವಯಸ್ಸಾಗಿ ಅದು ಗಡುಸಾದರೆ ಆಯಿಲ್ ನುಗ್ಗಿ ಗ್ರೀಸ್ ಗಂಜಿತಿಳಿಯಂತಾಗುತ್ತದೆ. ಗಂಜಿತಿಳಿ ಜಾಯಿಂಟನ್ನು ಕಾಪಾಡುವುದಿಲ್ಲ. ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಮುಂದೆ ಹೋದಾಗ ಟಕ್ ಟಕ್ ಸದ್ದು ಬಂದರೆ ಜಾಯಿಂಟ್ ಸವೆದಿದೆ ಎಂದರ್ಥ.

ನನ್ನ ಗಾಡಿಯಲ್ಲಿ ಮೂರನೆಯ ತಿಂಗಳಿಗೇ ಆ ಸದ್ದು ಬಂತು. ಮೊದಲ ಸಲ ಒಂದು ಗ್ಯಾರೇಜಿಗೆ ಕೊಟ್ಟೆ. ಹೆಸರು ಬೇಡ. ಒಂದೇ ದಿನದಲ್ಲಿ ಮುಗಿಸಿಕೊಟ್ಟರು, ಐದು ತಿಂಗಳಲ್ಲಿ ಮತ್ತೆ ಸೋರಿತು. ಬಿಚ್ಚಿ ನೋಡಿದಾಗ ಸೀಲನ್ನು ಸುತ್ತಿಗೆಯಿಂದ ಓರೆಯಾಗಿ ಬಡಿದು ಕೂರಿಸಿದ್ದರು, ಒಳಗೆ ಮಾಲಿಬ್ಡಿನಮ್ ಗ್ರೀಸ್ ಬದಲು ಸಾಧಾರಣ ಷಾಸಿ ಗ್ರೀಸ್ ತುಂಬಿದ್ದರು. ಹಣ ಹೋದದ್ದಕ್ಕಿಂತ, ಇಷ್ಟು ಚೆನ್ನಾಗಿ ಯೋಚಿಸಿ ಮಾಡಿದ ವಸ್ತುವನ್ನು ಹಾಗೆ ನಡೆಸಿಕೊಂಡದ್ದು ನನಗೆ ನೋವು ತಂದಿತು. ಎರಡನೆಯ ಸಲ ನಾನೇ ಮಾಡಿದೆ.

ನವೆಂಬರ್‌ನಲ್ಲಿ ಬಿಸಿಲು ಇಳಿದ ಮೇಲೆ ಮೂರು ವಾರಾಂತ್ಯ ಹಿಡಿಯಿತು. ಚಕ್ರ ತೆಗೆದು, ಬ್ರೇಕ್ ಕ್ಯಾಲಿಪರ್ ಅನ್ನು ತಂತಿಯಲ್ಲಿ ಕಟ್ಟಿ ತೂಗುಹಾಕಬೇಕು, ಹೋಸಿನ ಮೇಲೆ ಭಾರ ಬೀಳಬಾರದು. ಚಕ್ರದ ನಡುವಿನ ಹಬ್‌ನ ಆರು ನಟ್ಟುಗಳ ಕೆಳಗೆ ಶಂಕುವಿನಾಕಾರದ ಸೀಳು ವಾಶರ್‌ಗಳಿರುತ್ತವೆ, ಅವು ಸುಲಭದಲ್ಲಿ ಬಿಡುವುದಿಲ್ಲ. ಎಳೆದು ಪ್ರಯೋಜನವಿಲ್ಲ. ಹಿತ್ತಾಳೆಯ ಸರಳಿಟ್ಟು ಪಕ್ಕದಿಂದ ಹದವಾಗಿ ತಟ್ಟುತ್ತಾ ಹೋದರೆ ಒಂದು ಕ್ಷಣದಲ್ಲಿ ಪಟ್ಟೆಂದು ಹೊರಗೆ ಹಾರುತ್ತವೆ. ಬೇರಿಂಗ್ ನಟ್ಟಿಗೆ 54 ಮಿಲಿಮೀಟರ್ ಸಾಕೆಟ್ ಬೇಕು, ಉಳಿ ಇಟ್ಟು ಬಡಿದು ತಿರುಗಿಸುವವರನ್ನು ಕಂಡಿದ್ದೇನೆ, ದಯವಿಟ್ಟು ಹಾಗೆ ಮಾಡಬೇಡಿ. ಮೇಲಿನ ಕೆಳಗಿನ ಬೇರಿಂಗ್ ಮುಚ್ಚಳಗಳ ಜೊತೆ ಬರುವ, ಬಿಗಿ ಹೊಂದಿಸುವ ಶಿಮ್ ಎಂಬ ತೆಳು ತಗಡುಗಳನ್ನು ಎಡ, ಬಲ, ಮೇಲೆ, ಕೆಳಗೆ ಎಂದು ಬರೆದ ಬೇರೆ ಬೇರೆ ಡಬ್ಬಿಗಳಲ್ಲಿ ಇಟ್ಟೆ. ಅಪ್ಪಯ್ಯನ ಪಾಠ ಕೈಹಿಡಿದದ್ದು ಇಲ್ಲಿ.

ಎಲ್ಲವನ್ನೂ ತೊಳೆದ ಮೇಲೆ ಸಿವಿ ಜಾಯಿಂಟಿನ ಒಳಗಿನ ಓಣಿಗಳನ್ನು ಟಾರ್ಚ್ ಹಿಡಿದು ನೋಡಿದೆ. ಗಾಡಿ ಬದುಕಿನಲ್ಲಿ ಹೆಚ್ಚು ದೂರ ಮುಂದಕ್ಕೇ ಹೋಗುವುದರಿಂದ ಓಣಿಯ ಒಂದು ಗೋಡೆ ಮಾತ್ರ ಸವೆದಿರುತ್ತದೆ. ಎಡದ ಜಾಯಿಂಟನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿದರೆ ಸವೆಯದ ಗೋಡೆ ಕೆಲಸಕ್ಕೆ ಬರುತ್ತದೆ, ಸದ್ದು ನಿಲ್ಲುತ್ತದೆ. ಉಸ್ತಾದರು ಇದನ್ನು ಹೇಳಿದಾಗ ನಾನು ನಂಬಿರಲಿಲ್ಲ. ಹಾಗೆ ಅದಲುಬದಲು ಮಾಡಿ ಈಗ 90,000 ಕಿಲೋಮೀಟರ್ ಮೀರಿದೆ, ಸದ್ದಿಲ್ಲ.

ಕೊನೆಯ ಹಂತ ನನಗೆ ಅತ್ಯಂತ ಪ್ರಿಯವಾದದ್ದು. ಹೊಸ ಬೇರಿಂಗ್ ಹಾಕಿದ ಮೇಲೆ ನಕ್ಕಲ್ ಎಷ್ಟು ಬಿಗಿಯಾಗಿ ಹೊರಳಬೇಕು ಎಂಬುದಕ್ಕೆ ಅಳತೆಯಿದೆ: ತೋಳಿನ ತುದಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆದರೆ ಮುಳ್ಳು 3ರಿಂದ 6 ಕಿಲೋ ನಡುವೆ ನಿಲ್ಲಬೇಕು. ಕಡಿಮೆಯಾದರೆ ಸ್ಟಿಯರಿಂಗ್ ಅಲುಗುತ್ತದೆ, ಹೆಚ್ಚಾದರೆ ಬೇರಿಂಗ್ ಬೇಗ ಸಾಯುತ್ತದೆ. ವಿಶೇಷ ಉಪಕರಣ ಬೇಡವೇ ಬೇಡ. ಮಸ್ಕತ್‌ನ ಮತ್ರಾದಲ್ಲಿ ಮೀನು ಮಾರುಕಟ್ಟೆಯ ಹತ್ತಿರ ಮೀನು ತೂಗುವ ತಕ್ಕಡಿ ಕೊಂಡುತಂದೆ. ಶಿಮ್ ಬದಲಿಸಿ, ಎಳೆದು, ಮತ್ತೆ ಬದಲಿಸಿ, ಮತ್ತೆ ಎಳೆದು, ಎರಡೂ ಕಡೆ ನಾಲ್ಕೂವರೆ ಕಿಲೋಗೆ ತಂದೆ. ಅಂಜಲು ಮೀನು ತೂಗುವ ಕೊಕ್ಕೆಯಲ್ಲಿ ಲ್ಯಾಂಡ್ ಕ್ರೂಸರಿನ ಚಕ್ರ ತೂಗುವುದನ್ನು ನೋಡಲು ಅಪ್ಪಯ್ಯ ಇರಬೇಕಿತ್ತು ಅನ್ನಿಸಿತು.

ಇದನ್ನು ರೂಪಿಸಿದವರು ಮುಂದೊಂದು ದಿನ ಯಾರೋ ಇದನ್ನು ಬಿಚ್ಚುತ್ತಾರೆ ಎಂದು ಎದುರು ನೋಡಿದ್ದಾರೆ. ಪ್ರತಿ ಭಾಗಕ್ಕೂ ಹೊರಬರುವ ದಾರಿಯಿದೆ, ವಾಪಸು ಹೋಗುವ ದಾರಿಯಿದೆ, ಸರಿಯಾಗಿ ಕುಳಿತಿದೆಯೇ ಎಂದು ತಿಳಿಯುವ ಅಳತೆಯಿದೆ. ನಾನು ಈ ಗಾಡಿಗೆ ಐದಕ್ಕೆ ಐದು ಅಂಕ ಕೊಡುತ್ತಿರುವುದು ಈ ಕಾರಣಕ್ಕೆ.

ಇಲ್ಲಿನ ಬೇಸಿಗೆಯಲ್ಲಿ ಗಾಡಿಯನ್ನು ಕೊಲ್ಲುವುದು ಶಾಖ. ಎಂಜಿನ್ ಒಮ್ಮೆ ಅತಿಯಾಗಿ ಬಿಸಿಯಾದರೆ ಬ್ಲಾಕ್ ಮತ್ತು ಹೆಡ್ ನಡುವಿನ ಸೀಲಾದ ಹೆಡ್ ಗ್ಯಾಸ್ಕೆಟ್ ಉಳಿಯುವುದು ಕಷ್ಟ, ಅದರಲ್ಲೂ ಕಟ್ಟಕಡೆಯ ಆರನೆಯ ಸಿಲಿಂಡರ್ ಹತ್ತಿರ. ತಾಪ ತೋರಿಸುವ ಮೂಲ ಮೀಟರಿನ ಮುಳ್ಳು ನಡುವೆ ನಿಂತುಬಿಟ್ಟರೆ ನೀರು ಸಾಕಷ್ಟು ಬಿಸಿಯಾಗುವವರೆಗೂ ಕದಲುವುದಿಲ್ಲ, ಅದು ಮೇಲೇಳುವಾಗ ತಡವಾಗಿರುತ್ತದೆ. ಹಾಗಾಗಿ ಡಿಗ್ರಿ ತೋರಿಸುವ ಇನ್ನೊಂದು ಮೀಟರ್ ಹಾಕಿಸಿಕೊಂಡೆ. ರೇಡಿಯೇಟರ್ ಬದಲಿಸಿದ ಮೇಲೂ ಏರಿನಲ್ಲಿ ಎಸಿ ಹಾಕಿದರೆ ಅಂಕಿ ಮೇಲೇರುತ್ತಿತ್ತು. ತಪ್ಪು ಇದ್ದದ್ದು ಎಂಜಿನ್‌ನ ಬಲದಿಂದ ರೇಡಿಯೇಟರ್ ಫ್ಯಾನ್ ತಿರುಗಿಸುವ ಫ್ಯಾನ್ ಕ್ಲಚ್‌ನಲ್ಲಿ. ಅದರೊಳಗಿನ ಸಿಲಿಕಾನ್ ಎಣ್ಣೆ ವರ್ಷಗಳಲ್ಲಿ ತೆಳುವಾಗಿ ಫ್ಯಾನ್ ಜಾರುತ್ತಿತ್ತು. ಕ್ಲಚ್ ಬಿಚ್ಚಿ, ಹಳೆಯದನ್ನು ಬಸಿದು, 10,000 ಸೆಂಟಿಸ್ಟೋಕ್ (ದ್ರವ ಎಷ್ಟು ಮಂದ ಎಂಬುದರ ಅಳತೆ) ದಪ್ಪದ ಎಣ್ಣೆ ತುಂಬಿದೆ. ಜೇನಿಗಿಂತ ನಿಧಾನವಾಗಿ ಇಳಿಯುವ ದ್ರವವದು, ಅರ್ಧ ದಿನ ತಾಳ್ಮೆ ಬೇಕು. ಆಮೇಲೆ ಜೂನ್ ಮಧ್ಯಾಹ್ನದಲ್ಲೂ ಅಂಕಿ ಕದಲಿಲ್ಲ.

ಎಂಜಿನ್‌ನ ಹಿಂಬದಿಯಲ್ಲಿ, ಇನ್‌ಟೇಕ್ ಕೆಳಗೆ, ಕೈಗೂ ಕಣ್ಣಿಗೂ ಎಟುಕದ ಜಾಗದಲ್ಲಿ ಬೆರಳುದ್ದದ ಹೀಟರ್ ಹೋಸೊಂದಿದೆ. ಅದು ಒಡೆದರೆ ಎಂಜಿನ್ ತಂಪಾಗಿಸುವ ಕೂಲಂಟ್ ಪೂರ್ತಿ ಹೊರಗೆ. ಕೊಂಡ ವಾರವೇ ಅದನ್ನು ಬದಲಿಸಿ.

ವಿದ್ಯುತ್ ಭಾಗದಲ್ಲಿ ಹೇಳುವಂಥದ್ದು ಕಡಿಮೆ. ಒಂದು ಚಳಿಗಾಲದಲ್ಲಿ ಬೆಳಿಗ್ಗೆ ಎಂಜಿನ್ ಒದ್ದಾಡತೊಡಗಿತು, ಡ್ಯಾಶ್‌ನಲ್ಲಿ ಎಂಜಿನ್ ದೀಪ ಹತ್ತಿತು. ಈ ಕಾಲದ ಗಾಡಿಗಳಲ್ಲಿ ಬಾನೆಟ್ ಕೆಳಗಿನ ಪುಟ್ಟ ಪೆಟ್ಟಿಗೆಯಲ್ಲಿ ಟಿಇ1 ಮತ್ತು ಇ1 ಎಂಬ ಎರಡು ಕಿಂಡಿಗಳನ್ನು ಒಂದು ತುಂಡು ತಂತಿಯಿಂದ ಜೋಡಿಸಿ ಕೀಲಿ ತಿರುಗಿಸಿದರೆ ಅದೇ ದೀಪ ಮಿನುಗಿ ದೋಷದ ಸಂಖ್ಯೆ ಹೇಳುತ್ತದೆ. ಎರಡು ಮಿನುಗು, ವಿರಾಮ, ಮತ್ತೆ ಎರಡು: 22, ಅಂದರೆ ನೀರಿನ ತಾಪದ ಸೆನ್ಸರ್. ಬಿಡಿಭಾಗ ತಂದು ಹಾಕಿದೆ, ಸರಿಹೋಯಿತು.

ಒಳಾಂಗಣ ಮತ್ತು ಮೈಗೆ ಬಂದರೆ ಇಷ್ಟು ಸಮಾಧಾನವಿಲ್ಲ. ಸಮುದ್ರದ ಉಪ್ಪುಗಾಳಿ ಏನು ಮಾಡುತ್ತದೆ ಎಂಬುದು ಕರಾವಳಿಯವನಿಗೆ ಹೇಳಿಕೊಡಬೇಕಿಲ್ಲ. ಮುಂದಿನ ಗಾಜಿನ ರಬ್ಬರ್ ಅಂಚಿನ ಕೆಳಗೆ ತುಕ್ಕು ಅಡಗಿ ಕುಳಿತಿತ್ತು. ಹೊರಗೆ ಬಣ್ಣದ ಮೇಲೆ ಒಂದು ಗುಳ್ಳೆಯಷ್ಟೇ ಕಂಡಿತು, ಗಾಜು ತೆಗೆಸಿದಾಗ ತಗಡಿನಲ್ಲಿ ಬೆರಳು ತೂರುವಷ್ಟು ತೂತು. ವೆಲ್ಡಿಂಗ್ ನನ್ನ ಕೈಯಲ್ಲಿ ಆಗುವುದಲ್ಲ, ಹೊರಗೆ ಮಾಡಿಸಿದೆ. ಸನ್‌ರೂಫಿನ ನಾಲ್ಕು ಮೂಲೆಯ ನೀರಿನ ಕೊಳವೆಗಳಲ್ಲಿ ಮರಳು ಕಟ್ಟಿ ಒಂದು ಮಳೆಗೆ ಚಾವಣಿಯ ಬಟ್ಟೆ ತೊಯ್ದಿತ್ತು. ಡ್ಯಾಶ್‌ಬೋರ್ಡ್ ಬಿಸಿಲಿಗೆ ಬಿರಿದಿದೆ, ಹಾಗೆಯೇ ಬಿಟ್ಟಿದ್ದೇನೆ. ಸೀಟಿನ ವೆಲ್ವೆಟ್ ಅನ್ನು ಮಾತ್ರ ನನ್ನ ಹೆಂಡತಿ ಬಿಚ್ಚಿ, ಒಗೆದು, ಹೊಲಿಗೆ ಬಿಟ್ಟಲ್ಲಿ ಹೊಲಿದು, ಮತ್ತೆ ಹೊದಿಸಿದಳು. ಹೊಸ ಚರ್ಮದ ಹೊದಿಕೆ ಹಾಕಿಸೋಣ ಎಂದಾಗ ಮೂಲದ್ದು ಇರಲಿ ಎಂದವಳೂ ಅವಳೇ. ಅವಳ ಮಾತು ಸರಿಯಿತ್ತು.

ಖರ್ಚಿನ ವಿಷಯ ಮುಚ್ಚಿಡುವುದಿಲ್ಲ. ಹನ್ನೊಂದು ವರ್ಷದಲ್ಲಿ ಬಿಡಿಭಾಗಗಳಿಗೆ, ಉಪಕರಣಗಳಿಗೆ, ಹೊರಗಿನ ಕೆಲಸಕ್ಕೆ ಸೇರಿ ಗಾಡಿ ಕೊಂಡ ಬೆಲೆಗಿಂತ ಸ್ವಲ್ಪ ಹೆಚ್ಚೇ ಹೋಗಿದೆ. ಲೀಟರಿಗೆ ಐದೂವರೆ ಕಿಲೋಮೀಟರ್ ಕೊಟ್ಟರೆ ಅದೇ ಪುಣ್ಯ. ನಾನು ಕೊಂಡಾಗ ಸೂಪರ್ ಪೆಟ್ರೋಲ್ ಲೀಟರಿಗೆ 120 ಬೈಸಾ (ಸಾವಿರ ಬೈಸಾಗೆ ಒಂದು ರಿಯಾಲ್) ಇತ್ತು. 2016ರ ಜನವರಿಯಲ್ಲಿ ಸಬ್ಸಿಡಿ ತೆಗೆದ ಮೇಲೆ ಏರುತ್ತಾ ಹೋಗಿ ಅದರ ಎರಡು ಪಟ್ಟಿನ ಆಸುಪಾಸಿಗೆ ನಿಂತಿದೆ. ದಿನವೂ ಕಚೇರಿಗೆ ಹೋಗಲು ಇದು ಬೇಡ, ನನ್ನ ಬಳಿ ಅದಕ್ಕೆ ಬೇರೆ ಸಣ್ಣ ಕಾರಿದೆ. ಇಂದಿನ ಕಾರುಗಳ ಮಟ್ಟದ ಸುರಕ್ಷತೆಯನ್ನೂ ನಿರೀಕ್ಷಿಸಬೇಡಿ. ಎರಡು ಟನ್ನಿಗೂ ಹೆಚ್ಚು ತೂಕದ ಈ ಗಾಡಿ ನಿಲ್ಲಲು ಸಮಯ ತೆಗೆದುಕೊಳ್ಳುತ್ತದೆ, ಮುಂದಿನ ವಾಹನದಿಂದ ದೂರ ಇಟ್ಟೇ ಓಡಿಸಬೇಕು. ಇನ್ನೊಂದು ಮಾತು: ಮುಂದಿನ ಹಿಂದಿನ ಆಕ್ಸಲ್‌ಗಳನ್ನು ಒಟ್ಟಿಗೆ ತಿರುಗಿಸುವ ಸೆಂಟರ್ ಡಿಫರೆನ್ಷಿಯಲ್ ಲಾಕನ್ನು ತಿಂಗಳಿಗೊಮ್ಮೆಯಾದರೂ ಮಣ್ಣಿನ ದಾರಿಯಲ್ಲಿ ಹಾಕಿ ತೆಗೆಯಿರಿ. ಬಳಸದೆ ಬಿಟ್ಟರೆ ಅದರ ಪುಟ್ಟ ಮೋಟಾರ್ ಜಡವಾಗಿ, ಬೇಕಾದ ದಿನ ಕೈಕೊಡುತ್ತದೆ.

ಆದರೆ ಜಬಲ್ ಅಖ್ದರ್ ಪರ್ವತ ಏರುವ ದಿನ ಈ ಲೆಕ್ಕವೆಲ್ಲ ಮರೆಯುತ್ತದೆ. ಬುಡದ ಬಿರ್ಕತ್ ಅಲ್ ಮೌಝ್ ಊರಿನ ಪೊಲೀಸ್ ಚೌಕಿಯಲ್ಲಿ ಫೋರ್ ವೀಲ್ ಡ್ರೈವ್ ವಾಹನಗಳನ್ನು ಮಾತ್ರ ಮೇಲೆ ಬಿಡುತ್ತಾರೆ. ಅಲ್ಲಿನ ಪೊಲೀಸರು ಗಾಡಿಯನ್ನು ಒಂದು ಸುತ್ತು ನೋಡಿ, ತಮ್ಮ ತಂದೆಯ ಬಳಿಯೂ ಇಂಥದ್ದೇ ಇತ್ತು ಎಂದು ಹೇಳಿ ಕಳಿಸಿದ್ದು ಎರಡು ಮೂರು ಸಲವಾದರೂ ಇದೆ. ಸುಮಾರು 2,000 ಮೀಟರ್ ಎತ್ತರದ ಸೈಕ್ ಊರು ತಲುಪುವಾಗ ಕಿಟಕಿ ಇಳಿಸಿದರೆ ಗುಲಾಬಿಯ ಕಾಲದಲ್ಲಿ ಅದರ ಪರಿಮಳ ಒಳಗೆ ಬರುತ್ತದೆ. ಹಿಂದಿರುಗುವಾಗ ಹಟ್ಟ್ ಹಳ್ಳಿಯಿಂದ ವಾದಿ ಬನಿ ಔಫ್ ಕಣಿವೆಗೆ ಇಳಿಯುವ ಕಲ್ಲುದಾರಿಯಲ್ಲಿ ಲೋ ಗೇರ್ ಹಾಕಿ, ಬ್ರೇಕ್ ಮುಟ್ಟದೆ, ಎಂಜಿನ್ ಹಿಡಿತದಲ್ಲೇ ಇಳಿಯುತ್ತೇವೆ. ಒಂದು ಪಕ್ಕ ಪ್ರಪಾತ. ಆಗ ಸ್ಟಿಯರಿಂಗ್ ಮೂಲಕ ಕೈಗೆ ಬರುವ ಪ್ರತಿ ಕಲ್ಲಿನ ಸ್ಪರ್ಶ ಯಾವ ಬೇರಿಂಗ್ ಮೂಲಕ ಬರುತ್ತಿದೆ ಎಂದು ನನಗೆ ಗೊತ್ತಿರುತ್ತದೆ. ಆ ಬೇರಿಂಗ್ ಕೂರಿಸಿದವನು ನಾನು.

ಹಾಗಾದರೆ ಯಾರು ಕೊಳ್ಳಬೇಕು? ನೆರಳಿರುವ ಜಾಗ, ವಾರಕ್ಕೊಂದು ಬಿಡುವಿನ ದಿನ, ತಪ್ಪಾದರೆ ಮತ್ತೆ ಬಿಚ್ಚುವ ಮನಸ್ಸು ಈ ಮೂರೂ ಇರುವವರು ಕೊಳ್ಳಿ. ಅಗ್ಗದ ನಕಲಿ ಸೀಲ್, ನಕಲಿ ಬೇರಿಂಗ್ ಹತ್ತಿರವೂ ಸುಳಿಯಬೇಡಿ, ಅದರಿಂದ ಉಳಿಸಿದ ಮೂರು ರಿಯಾಲ್ ಮೂರು ವಾರಾಂತ್ಯಗಳನ್ನು ತಿನ್ನುತ್ತದೆ. ಊರಿಗೆ ಮರಳುವಾಗ ಜೊತೆಗೆ ಕೊಂಡೊಯ್ಯಬಹುದು ಎಂಬ ಆಸೆಯಿಂದ ಮಾತ್ರ ಕೊಳ್ಳಬೇಡಿ. ಮೂರು ವರ್ಷಕ್ಕಿಂತ ಹಳೆಯ, ಎಡಗಡೆ ಸ್ಟಿಯರಿಂಗ್‌ನ ಗಾಡಿಯನ್ನು ಭಾರತಕ್ಕೆ ತರಲು ನಿಯಮ ಬಿಡುವುದಿಲ್ಲ. ನನ್ನ ಗಾಡಿ ಗಂಗೊಳ್ಳಿಯ ಮಣ್ಣನ್ನು ಎಂದೂ ಮುಟ್ಟುವುದಿಲ್ಲ ಎಂಬುದನ್ನು ಒಪ್ಪಿಕೊಳ್ಳಲು ನನಗೆ ಬಹಳ ದಿನ ಬೇಕಾಯಿತು. ಮೀನಿನ ತಕ್ಕಡಿಯನ್ನಂತೂ ಒಯ್ಯುತ್ತೇನೆ.

ಸದ್ಯಕ್ಕೆ ಅದು ಚಪ್ಪರದ ಕಂಬದ ಮೊಳೆಯಲ್ಲೇ ತೂಗುತ್ತಿದೆ. ಪಕ್ಕದ ಕಪಾಟಿನಲ್ಲಿ ಹೆಡ್ ಗ್ಯಾಸ್ಕೆಟ್ ಕಿಟ್ ತಂದಿಟ್ಟಿದ್ದೇನೆ. ಈ ನವೆಂಬರ್‌ನಲ್ಲಿ, ಬಿಸಿಲು ಇಳಿದ ಮೇಲೆ, ಆ ಹೆಡ್ ಮೊದಲ ಸಲ ಬಿಚ್ಚುತ್ತೇನೆ. ಉಸ್ತಾದರು ಬರುತ್ತೇನೆ ಎಂದಿದ್ದಾರೆ.