ಜಿರಳೆಗೆ ಸ್ಪ್ರೇಯೋ, ಜೆಲ್ಲೋ?

ಉಷ್ಣವಲಯದ ದೇಶಕ್ಕೆ ಹೊಸದಾಗಿ ಬಂದು ನೆಲೆಸಿದವರು, ರಾತ್ರಿ ಅಡುಗೆಮನೆಯ ದೀಪ ಹಾಕಿದೊಡನೆ ಸಿಂಕಿನ ಕೆಳಗೆ ಸರಕ್ಕನೆ ನುಸುಳುವ ಜಿರಳೆಯನ್ನು ಕಂಡು ಮೊದಲು ಕೊಳ್ಳುವುದು ಸ್ಪ್ರೇಯನ್ನೇ. ಕಣ್ಣೆದುರಿನ ಹುಳು ಅದರಿಂದ ಸಾಯುತ್ತದೆ, ನಿಜ. ಆದರೆ ಸಂದಿಯೊಳಗಿನ ಸಂತತಿಗೆ, ಅದರಲ್ಲೂ ಒಂದೊಂದರಲ್ಲಿ ಸುಮಾರು 30ರಿಂದ 40 ಮೊಟ್ಟೆಗಳಿರುವ ಜರ್ಮನ್ ಜಿರಳೆಯ (ಮನೆಯೊಳಗೇ ಬೆಳೆಯುವ ಸಣ್ಣ ಜಾತಿ) ಮೊಟ್ಟೆಚೀಲಗಳಿಗೆ, ಅದು ಅಷ್ಟಾಗಿ ತಟ್ಟುವುದಿಲ್ಲ.

ಜೆಲ್, ಅಂದರೆ ಜಿರಳೆ ತಿನ್ನಲೆಂದು ಇಡುವ ವಿಷದ ಅಂಟು, ನಿಧಾನ. ಕಪಾಟಿನ ಕೀಲುಗಳ ಬಳಿ, ಫ್ರಿಜ್ಜಿನ ಹಿಂದೆ ಕಾಳಿನಷ್ಟು ಗಾತ್ರದ ಚುಕ್ಕೆಗಳನ್ನಿಟ್ಟರೆ, ತಿಂದ ಜಿರಳೆ ಅಡಗುದಾಣಕ್ಕೆ ಮರಳಿ ಸಾಯುತ್ತದೆ. ಅದರ ಹಿಕ್ಕೆಯನ್ನೂ ಹೆಣವನ್ನೂ ತಿನ್ನುವ ಉಳಿದವುಗಳಿಗೂ ವಿಷ ದಾಟುತ್ತದೆ. ಅಸಹ್ಯವೆನಿಸಿದರೂ ಜೆಲ್ಲಿನ ಬಲವಿರುವುದು ಅಲ್ಲೇ, ಆದ್ದರಿಂದ ನನ್ನ ಆಯ್ಕೆ ಜೆಲ್. ಎರಡನ್ನೂ ಒಂದೇ ಜಾಗದಲ್ಲಿ ಬಳಸಬಾರದು: ಸ್ಪ್ರೇ ತಗುಲಿದ ಜೆಲ್ಲಿನಿಂದ ಜಿರಳೆ ದೂರ ಸರಿಯುತ್ತದೆ. ಚರಂಡಿಯಿಂದ ಬರುವ ದೊಡ್ಡ ಜಿರಳೆಗಾದರೆ ಕೊಳವೆಯ ಬಾಯಿಗೆ ಜಾಲರಿ ಹಾಕಿಸುವುದೇ ಮೊದಲ ಕೆಲಸ.